ಅಪ್ಪ ಮಗಳ ಮನೆಗೆ ನಡೆಯುತ್ತಿದ್ದ ದಾರಿ

ಬುಧವಾರ: ಇಳಕಲ್ಲು ಬಿಟ್ಟೆವು

ಅಪ್ಪ ಹೋದ ಮೇಲೆ ಬಂದ ಮೊದಲ ಯುಗಾದಿ ಇದು. ಯುಗಾದಿಗೆ ಅವನು ಶ್ರೀಶೈಲಕ್ಕೆ ನಡೆದು ಹೋಗುತ್ತಿದ್ದ. ಇಳಕಲ್ಲಿನ ನಮ್ಮ ಓಣಿಯಿಂದ ಕಂಬಿ, ಅಂದರೆ ಹೆಗಲ ಮೇಲಿನ ದೇವರ ಕಾವಡಿ, ಹೊತ್ತವರು ಯಾವಾಗಲೋ ಹೊರಟು ಹೋಗಿದ್ದರು. ಶ್ರೀಶೈಲ 300 ಕಿ.ಮೀ.ಗೂ ಜಾಸ್ತಿ ದೂರ. ನಡೆದು ಹೋಗುವವರು ಹಬ್ಬಕ್ಕೆ ಮುಟ್ಟಬೇಕೆಂದರೆ ಹತ್ತು ಹನ್ನೆರಡು ದಿನ ಮುಂಚೆಯೇ ಮನೆ ಬಿಡಬೇಕು. ನಮಗೆ ಅಷ್ಟು ರಜೆ ಎಲ್ಲಿಂದ ಬರಬೇಕು? ಅದೂ ಮಾರ್ಚ್ ಕೊನೆಯಲ್ಲಿ. ನಾನು, ನನ್ನ ತಮ್ಮ, ನಮ್ಮ ಮನೆಯವರು ಕಾರಿನಲ್ಲಿ ಹೊರಟೆವು. ಆತ್ಮಕೂರಿನವರೆಗೆ ಕಾರು, ಅಲ್ಲಿಂದ ನಲ್ಲಮಲ ಕಾಡಿನ ದಾರಿ ನಡಿಗೆ ಎಂದು ಮಾತಾಗಿತ್ತು. ನಡೆಯುವುದು ನಾನು, ತಮ್ಮ. ಮನೆಯವರು ಮೊಣಕಾಲಿನ ನೆಪ ಹೇಳಿ, ಕಾರನ್ನು ಘಟ್ಟದ ರಸ್ತೆಯಲ್ಲಿ ತರುವ ಕೆಲಸ ಖುಷಿಯಿಂದ ಒಪ್ಪಿಕೊಂಡರು.

ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಒಂದು ಚೀಲ. ಅದರಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಹಸಿರು ಬಳೆ, ಅರಿಶಿನ, ಕುಂಕುಮ, ಕೊಬ್ಬರಿ ಬಟ್ಟಲು. ಶ್ರೀಶೈಲದ ದೇವಿ ಭ್ರಮರಾಂಬೆಗೆ ಉಡಿ ತುಂಬುವ ಸಾಮಾನು. ಆಕೆ ಕನ್ನಡ ನಾಡಿನ ಮಗಳು, ಆಕೆಯ ಗಂಡ ಮಲ್ಲಯ್ಯ, ಅಂದರೆ ಮಲ್ಲಿಕಾರ್ಜುನ, ನಮ್ಮ ಅಳಿಯ ಅಂತ ಉತ್ತರ ಕರ್ನಾಟಕದ ಜನರ ನಂಬಿಕೆ. ಹಬ್ಬಕ್ಕೆ ತವರಿನವರು ಬರಿಗೈಲಿ ಹೋಗಬಾರದಲ್ವಾ? ಬಹಳ ಜನ ಇದನ್ನು ಪ್ರೀತಿಯ ಮಾತಾಗಿ ಹೇಳುತ್ತಾರೆ. ಅಪ್ಪನಿಗೆ ಅದು ಮಾತಲ್ಲ, ನಿಜವಾದ ನೆಂಟಸ್ತಿಕೆ.

ಅಪ್ಪ ಕುಣಿ ಮಗ್ಗದ ನೇಕಾರ. ನಸುಕಿನಲ್ಲಿ ಎದ್ದು ಜಳಕ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂರುತ್ತಿದ್ದ. ಪೂಜೆ ಮುಗಿದ ಮೇಲೆ ಕುಣಿಗೆ ಕಾಲು ಇಳಿಸಿದರೆ ಮಧ್ಯಾಹ್ನದ ರೊಟ್ಟಿಗೇ ಏಳುವುದು. ನೇಯುವುದು ಸಾಹುಕಾರರ ನೂಲು, ಸಿಗುವುದು ಸೀರೆಗಿಷ್ಟು ಅಂತ ಕೂಲಿ. ವರ್ಷಕ್ಕೊಂದು ಸೀರೆ ಮಾತ್ರ ತನ್ನ ದುಡ್ಡಿನ ನೂಲಿನಲ್ಲಿ ನೇಯುತ್ತಿದ್ದ. ಅದು ದೇವಿಯದು. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಎರಡರ ಹಾಸಿನ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸಕ್ಕೆ ಸಣ್ಣ ಕೈ ಬೇಕು ಅಂತ ಶಾಲೆಯಿಂದ ಬಂದ ಮೇಲೆ ನನ್ನನ್ನೇ ಕೂರಿಸುತ್ತಿದ್ದ. ಕೆಂಪು ರೇಷ್ಮೆ ಸೆರಗು, ಅದರ ಮೇಲೆ ಟೋಪ ತೆನಿ ಎಂಬ ಬಿಳಿಯ ವಿನ್ಯಾಸ. ಒಂದು ಎಳೆ ತಪ್ಪಿದರೂ ಬಿಚ್ಚಿಸುತ್ತಿದ್ದ. "ಅಕ್ಕನ ಸೀರಿ ಐತಿ, ಆಕಿ ನೋಡ್ತಾಳ" ಅನ್ನುತ್ತಿದ್ದ. ನನಗೊಬ್ಬಳು ಅಕ್ಕ ಇದ್ದಾಳೆ, ಆಂಧ್ರದಲ್ಲಿ ಕೊಟ್ಟಿದ್ದಾರೆ ಅಂತ ಎಷ್ಟೋ ವರ್ಷ ನಂಬಿದ್ದೆ.

ಈ ಸಲದ ಸೀರೆಯನ್ನು ಅಪ್ಪನ ಮಗ್ಗದಲ್ಲೇ ಪಕ್ಕದ ಮನೆಯ ಕಾಕಾ ನೇಯ್ದುಕೊಟ್ಟರು. ತಮ್ಮ ಮಗ್ಗ ಕಲಿಯಲಿಲ್ಲ, ಕಲಿಯುವುದು ಬೇಡ ಅಂತ ಅಪ್ಪನೇ ಹೇಳಿದ್ದ. ಕೂಲಿ ಕೊಡಲು ಹೋದರೆ ಕಾಕಾ ಬೇಡ ಅಂದರು. ನಾನು ಬಿಡಲಿಲ್ಲ. ಅರ್ಧ ತಗೊಂಡರು.

ಮುದಗಲ್ಲು ದಾಟಿ ಲಿಂಗಸುಗೂರಿನ ದಾರಿ ಹಿಡಿದಾಗ ನಡೆಯುವವರು ಸಿಗತೊಡಗಿದರು. ಹಿಂದೆ ಬಿದ್ದ ಗುಂಪುಗಳು. ಬರಿಗಾಲು, ತಲೆಗೆ ಟವೆಲ್ಲು, ಹೆಗಲಿಗೆ ಚೀಲ. ಇಬ್ಬರು ಹುಡುಗರು ಮರಗಾಲು ಕಟ್ಟಿಕೊಂಡು ನಡೆಯುತ್ತಿದ್ದರು. ಈ ದಾರಿಯಲ್ಲಿ ಪ್ರತಿ ಊರಿನ ಮುಂದೆಯೂ ಒಂದು ಪೆಂಡಾಲು. ಮಜ್ಜಿಗೆ, ಕಲ್ಲಂಗಡಿ, ರೊಟ್ಟಿ, ಹುಗ್ಗಿ. ರೊಕ್ಕದ ಮಾತೇ ಇಲ್ಲ. ಕಾರಿನಲ್ಲಿ ಬಂದವರಿಗೂ ಕೈ ಹಿಡಿದು ಕೂರಿಸುತ್ತಾರೆ. ನಾವು ಸಂಕೋಚಪಟ್ಟುಕೊಂಡೇ ಉಂಡೆವು.

ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಮುದುಕಿಗೆ ಇಳಕಲ್ಲಿನವರು ಅಂದೆ. ಚೀಲದಲ್ಲಿದ್ದ ಅಪ್ಪನ ಫೋಟೋ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದಳು. "ಈ ಎಣ್ಣೀ ಅಣ್ಣಾ? ಯಾಕ ಬಂದಿಲ್ಲ?" ಅಂದಳು. ಎಣ್ಣೆ ಅಣ್ಣ ಯಾರು ಅಂತ ನಮಗೆ ತಿಳಿಯಲಿಲ್ಲ. ಪೆಂಡಾಲಿನವರು ನಡೆದು ಬಂದವರ ಕಾಲಿಗೆ ಹರಳೆಣ್ಣೆ ಹಚ್ಚಿ ತಿಕ್ಕುತ್ತಾರೆ, ಅದು ಇಲ್ಲಿಯ ಪದ್ಧತಿ. ಅಪ್ಪ ತನ್ನ ಕಾಲು ಮುಟ್ಟಿಸಿಕೊಳ್ಳುತ್ತಿರಲಿಲ್ಲವಂತೆ. ಅವರ ಕೈಯಿಂದ ಬಟ್ಟಲು ಕಸಿದುಕೊಂಡು ತಾನೇ ಉಳಿದವರ ಕಾಲಿಗೆ ಹಚ್ಚುತ್ತಾ ಕೂರುತ್ತಿದ್ದನಂತೆ. "ತಾ ಮಲಗೂದ್ರಾಗ ನಡುರಾತ್ರಿ ಆಗತಿತ್ತು" ಅಂದಳು. ಮನೆಯಲ್ಲಿ ಇದನ್ನು ಅವನು ಒಂದು ದಿನವೂ ಹೇಳಿದವನಲ್ಲ. ಸುದ್ದಿ ಹೇಳಿದಾಗ ಆಕೆ ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದಳು. ಆಮೇಲೆ ಇನ್ನೊಂದು ರೊಟ್ಟಿ ಹಾಕಿದಳು.

ರಾತ್ರಿ ರಾಯಚೂರು. ಸೆಕೆ ಅಂದರೆ ಸೆಕೆ.

ಗುರುವಾರ: ಎರಡು ಹೊಳೆಗಳ ನಡುವೆ

ರಾಯಚೂರಿನಿಂದ ಐಜ, ಶಾಂತಿನಗರದ ಮೇಲೆ ಹೋದೆವು. ಇಳಕಲ್ಲಿನಿಂದ ಇಲ್ಲಿಯವರೆಗೆ ಎಡಗಡೆ ದೂರದಲ್ಲಿ ಕೃಷ್ಣೆ, ಬಲಗಡೆ ದೂರದಲ್ಲಿ ತುಂಗಭದ್ರೆ. ಕರ್ನೂಲಿನ ಹತ್ತಿರ ತುಂಗಭದ್ರೆಯನ್ನು ದಾಟಿದರೆ ಮುಂದೆ ಎರಡೂ ಕೂಡುತ್ತವೆ. ಆ ಸಂಗಮ ಈಗ ಶ್ರೀಶೈಲ ಅಣೆಕಟ್ಟಿನ ಹಿನ್ನೀರಿನಲ್ಲಿದೆ. 1963ರಲ್ಲಿ ಶಂಕುಸ್ಥಾಪನೆಯಾದ ಅಣೆಕಟ್ಟು ಅದು. ಮುಳುಗುವ ಜಾಗದಲ್ಲಿದ್ದ ಕೂಡಲಿ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ತಂದು ಮತ್ತೆ ಕಟ್ಟಿದ್ದಾರೆ. ನಮ್ಮ ಕೂಡಲಸಂಗಮದ ಹೆಸರಿನದೇ ಇನ್ನೊಂದು ಗುಡಿ ಇಲ್ಲೂ ಇದೆ ಅಂತ ಅಪ್ಪ ಹೇಳುತ್ತಿದ್ದ.

ಆಲಂಪುರದಲ್ಲಿ ಇಳಿದೆವು. ನವಬ್ರಹ್ಮ ಗುಡಿಗಳು ಅಂತ ಹೆಸರು, ಒಳಗೆಲ್ಲ ಶಿವಲಿಂಗ. ಬಾದಾಮಿ ಚಾಲುಕ್ಯರು ಕಟ್ಟಿಸಿದವು, 7 ಮತ್ತು 8ನೇ ಶತಮಾನದವು. ಐಹೊಳೆ, ಪಟ್ಟದಕಲ್ಲು ನೋಡುತ್ತಾ ಬೆಳೆದವರಿಗೆ ಈ ಶಿಖರಗಳು ಹೊಸವಲ್ಲ. ತಮ್ಮನಂತೂ "ಊರು ಬಿಟ್ಟು ಬಂದಂಗೇ ಇಲ್ಲ" ಅಂದ. ಜೋಗುಳಾಂಬೆಯ ಹೊಸ ಗುಡಿಗೂ ಕೈಮುಗಿದು ಕಾರು ಹತ್ತಿದೆವು.

ಕಾರಿನಲ್ಲಿ ಹಳೆಯ ಜಗಳ ನೆನಪಾಯಿತು. ತಮ್ಮ ಕಾಲೇಜಿನಲ್ಲಿದ್ದಾಗ ಬಸವಣ್ಣನವರ ವಚನಗಳನ್ನು ಓದಿ ಬಂದು ಅಪ್ಪನನ್ನು ಹಿಡಿದುಕೊಂಡಿದ್ದ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡವನು ಕಲ್ಲಿನ ಗುಡಿ ಹುಡುಕಿಕೊಂಡು 300 ಕಿ.ಮೀ. ಯಾಕೆ ನಡೆಯಬೇಕು? ದೇಹವೇ ದೇಗುಲ ಅಂದವರ ಮಕ್ಕಳು ನಾವಲ್ವಾ? ಪ್ರಶ್ನೆ ಸರಿಯಾದದ್ದೇ. ಅಪ್ಪ ಲಾಳಿ ನಿಲ್ಲಿಸದೆ ಉತ್ತರ ಕೊಟ್ಟ. "ಅಕ್ಕಮಹಾದೇವಿ ಎಲ್ಲಿಗೆ ಹೋದಳು? ಅಲ್ಲಮ ಎಲ್ಲಿಗೆ ಹೋದ? ಸೊನ್ನಲಿಗೆಯ ಸಿದ್ಧರಾಮ ಸಣ್ಣ ಹುಡುಗ ಇದ್ದಾಗ ಮಲ್ಲಯ್ಯನ್ನ ಹುಡಿಕ್ಕೊಂಡು ಎಲ್ಲಿಗೆ ಓಡಿದ?" ಮೂರೂ ಪ್ರಶ್ನೆಗೆ ಶ್ರೀಶೈಲವೇ ಉತ್ತರ. ಆಮೇಲೆ ಸ್ವಲ್ಪ ತಡೆದು, "ನಾ ಏನ ಲಿಂಗಾ ನೋಡಾಕ ಹೊಂಟೀನೇನ? ಮಗಳ ಮನಿಗೆ ಹೊಂಟೀನಿ" ಅಂದ. ತಮ್ಮನ ಹತ್ತಿರ ಮಾತು ಇರಲಿಲ್ಲ.

ಅಪ್ಪನನ್ನು ಬರೀ ಹೊಗಳಿದರೆ ಅವ್ವ ಬಯ್ಯುತ್ತಾಳೆ. ಅವನು ನಡೆಯಲು ಹೋದ ದಿನಗಳಲ್ಲಿ ಕೂಲಿ ಇಲ್ಲ. ವರ್ಷದ ಕೊನೆ, ಕಿರಾಣಿ ಅಂಗಡಿಯವನು, ಬಡ್ಡಿಯವನು, ಎಲ್ಲರೂ ಬಾಗಿಲಿಗೆ ಬರುವ ಕಾಲ. ನಮ್ಮ ಪರೀಕ್ಷೆ ಬೇರೆ. ಅವರಿಗೆಲ್ಲ ಉತ್ತರ ಹೇಳಿದವಳು ಅವ್ವ. ಅವನ ಪುಣ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಆಕೆಯದು ಅಂತ ನನ್ನ ಲೆಕ್ಕ.

ಆದರೆ ಒಂದು ವರ್ಷ ಅವನು ಹೋಗಲಿಲ್ಲ. ಆಗ ನಾನು ಚೊಚ್ಚಲ ಬಾಣಂತಿ. ಹೆರಿಗೆ ಕಷ್ಟವಾಗಿ ಆಸ್ಪತ್ರೆಯಲ್ಲಿ ಬಹಳ ದಿನ ಇರಬೇಕಾಯಿತು. ಅಪ್ಪ ವರಾಂಡದ ಬೆಂಚಿನ ಮೇಲೆ ಲಿಂಗಪೂಜೆ ಮಾಡಿಕೊಂಡು ಅಲ್ಲೇ ಕೂತಿದ್ದ. ಕಂಬಿಯವರು ಬಂದು ಕರೆದರು. ಹರಕೆ ತಪ್ಪಿಸಬಾರದು ಅಂದರು. "ಒಬ್ಬಾಕಿ ಮಗಳು ಇಲ್ಲೆ ಮಲಗ್ಯಾಳ. ಇನ್ನೊಬ್ಬಾಕಿಗೆ ತಿಳೀತದ, ಆಕಿನೂ ಹೆಣಮಗಳ" ಅಂದು ಸೀರೆಯನ್ನು ಅವರ ಕೈಗೆ ಕೊಟ್ಟು ಕಳಿಸಿದ. ದೇವರು ಸಿಟ್ಟಾದಾನು ಎಂಬ ಹೆದರಿಕೆ ಅವನಿಗೆ ಒಂದು ಚೂರೂ ಇರಲಿಲ್ಲ. ಭಕ್ತರು ಅಂದರೆ ಹೆದರುವವರು ಅಂತ ನೋಡಿ ಬೆಳೆದ ನಮ್ಮ ಮನೆಯವರಿಗೆ ಇದು ದೊಡ್ಡ ಆಶ್ಚರ್ಯ.

ಇನ್ನೊಂದು ಸಲ ದಾರಿಯೇ ತಪ್ಪಿತು. 2020ರ ಯುಗಾದಿ ಮಾರ್ಚ್ 25ಕ್ಕೆ. ಅದೇ ದಿನ ಇಡೀ ದೇಶ ಬಾಗಿಲು ಹಾಕಿತು. ಅದಕ್ಕೆ ಮುಂಚೆಯೇ ನಡೆಯುತ್ತಿದ್ದವರನ್ನು ವಾಪಸ್ ಕಳಿಸಿದರು. ಸೀರೆ ಟ್ರಂಕಿನಲ್ಲಿ ಉಳಿಯಿತು. ಅಪ್ಪ ಅದನ್ನು ಆಗಾಗ ತೆಗೆದು ಮಡಿಕೆ ಬದಲಿಸಿ ಇಡುತ್ತಿದ್ದ, ಮಡಿಕೆಯಲ್ಲಿ ರೇಷ್ಮೆ ಸೀಳಬಾರದು ಅಂತ.

ಸಂಜೆಗೆ ಆತ್ಮಕೂರು. ರಸ್ತೆಯಲ್ಲಿ ಎತ್ತ ನೋಡಿದರೂ ನಮ್ಮ ಕಡೆಯ ಜನ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ, ಸೊಲ್ಲಾಪುರ. ಚಹಾದ ಅಂಗಡಿಯವರೂ ಕನ್ನಡದಲ್ಲಿ ಲೆಕ್ಕ ಹೇಳುತ್ತಿದ್ದರು.

ಶುಕ್ರವಾರ: ಕಾಡಿನೊಳಗೆ

ವೆಂಕಟಾಪುರದ ಹತ್ತಿರ ನಮ್ಮನ್ನಿಳಿಸಿ ಮನೆಯವರು ದೋರ್ನಾಲದ ಕಡೆ ಹೋದರು. ಅಲ್ಲಿಂದ ಘಟ್ಟ ಹತ್ತಬೇಕು. ಆ ರಸ್ತೆ ಹುಲಿ ಕಾಡಿನೊಳಗೆ ಹೋಗುವುದರಿಂದ ಮಾಮೂಲಿ ದಿನಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕಿರುತ್ತಾರೆ. ನಾಗಾರ್ಜುನಸಾಗರ ಶ್ರೀಶೈಲ ಹುಲಿ ಮೀಸಲು ದೇಶದಲ್ಲೇ ದೊಡ್ಡದು. ಕಾಲುದಾರಿಗೂ ಶಿವರಾತ್ರಿ, ಯುಗಾದಿ ಸಮಯದಲ್ಲಿ ಮಾತ್ರ ಬಿಡುತ್ತಾರೆ.

ಮುತ್ತುಗದ ಹೂವು ಉದುರಿ ಬಿದ್ದಿತ್ತು. ತೇಗದ ಒಣ ಎಲೆ ಕಾಲ ಕೆಳಗೆ ಸದ್ದು ಮಾಡುತ್ತಿತ್ತು. ನೆರಳು ಅನ್ನುವುದು ಹೆಸರಿಗಷ್ಟೇ. ನಾಗಲೂಟಿಯ ವೀರಭದ್ರನ ಗುಡಿಯಲ್ಲಿ ಕೂತು ಬುತ್ತಿ ಬಿಚ್ಚಿದೆವು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ. ಪಕ್ಕದಲ್ಲಿದ್ದ ತೆಲುಗಿನವರು ನಮಗೆ ಪುಳಿಹೋರ ಕೊಟ್ಟು ರೊಟ್ಟಿ ತಗೊಂಡರು. ಗುಡಿಯಿಂದ ಮುಂದೆ ಕಲ್ಲಿನ ಹಳೆಯ ಮೆಟ್ಟಿಲುಗಳು. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದವನು 14ನೇ ಶತಮಾನದ ರೆಡ್ಡಿ ದೊರೆ ಪ್ರೋಲಯ ವೇಮಾರೆಡ್ಡಿ. ಹತ್ತುವಾಗ ಅವನಿಗೆ ಕೈಮುಗಿಯಬೇಕು ಅನಿಸಿತು. ಇನ್ನೂ ಸ್ವಲ್ಪ ಸಣ್ಣ ಮೆಟ್ಟಿಲು ಮಾಡಿಸಬಾರದಿತ್ತೇ ಅಂತಲೂ ಅನಿಸಿತು.

ಇಲ್ಲಿಯ ಮೂಲ ಜನ ಚೆಂಚು ಬುಡಕಟ್ಟಿನವರು. ಅವರಿಗೂ ಮಲ್ಲಯ್ಯ ಅಳಿಯನೇ. ಬೇಟೆಗೆ ಬಂದ ಶಿವ ಚೆಂಚು ಹುಡುಗಿಯನ್ನು ಮದುವೆಯಾದ, ಅವನು ಚೆಂಚು ಮಲ್ಲಯ್ಯ ಅಂತ ಅವರ ಕಥೆ. ಜೇನು ಮಾರುತ್ತಿದ್ದ ಒಬ್ಬ ಅಜ್ಜನಿಗೆ ತಮ್ಮ ತನ್ನ ಹರಕುಮುರುಕು ತೆಲುಗಿನಲ್ಲಿ "ನಾವು ದೇವಿಯ ತವರಿನವರು" ಅಂದ. ಅಜ್ಜ ನಕ್ಕು "ನಾವೂ ಹೆಣ್ಣು ಕೊಟ್ಟವರೇ" ಅಂದ. ಹಾಗೆಂದು ಜೇನಿನ ಬೆಲೆ ಒಂದು ರೂಪಾಯಿಯೂ ಇಳಿಯಲಿಲ್ಲ.

ಕತ್ತಲಾಗುವ ಹೊತ್ತಿಗೆ ಪೆದ್ದ ಚೆರುವು. ದೊಡ್ಡ ಕೆರೆ, ದಂಡೆಯ ತುಂಬ ಜನ. ಅಲ್ಲಲ್ಲಿ ಒಲೆ ಹೊತ್ತಿಸಿದ್ದರು. ನನ್ನ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಬಾಗಲಕೋಟೆ ಕಡೆಯ ಯಾರೋ ಒಬ್ಬ ಹುಡುಗ ಸೂಜಿ ದಾರ ತಂದು ಬೊಬ್ಬೆಯಲ್ಲಿ ದಾರ ಪೋಣಿಸಿ ನೀರು ಇಳಿಸಿದ. ಅವನ ವಯಸ್ಸು ನನ್ನ ಮಗನಷ್ಟು. ಹೆಸರು ಕೇಳುವುದರೊಳಗೆ ಮುಂದಿನವರ ಕಾಲ ಹತ್ತಿರ ಹೋಗಿ ಕೂತಿದ್ದ.

ಶನಿವಾರ: ಭೀಮನ ಕೊಳ, ಕೈಲಾಸ ದ್ವಾರ

ಅಮವಾಸ್ಯೆ. ನಸುಕಿನಲ್ಲೇ ಹೊರಟೆವು. ಮಠಂ ಬಾವಿ ದಾಟಿ ಭೀಮುನಿ ಕೊಲನು ಎಂಬ ಕಮರಿ. ಕಡಿದಾಗಿ ಇಳಿಯಬೇಕು, ಅಷ್ಟೇ ಕಡಿದಾಗಿ ಹತ್ತಬೇಕು. ಇಡೀ ದಾರಿಯಲ್ಲಿ ಜನ ಹೆದರುವುದು ಇದಕ್ಕೊಂದಕ್ಕೇ. ಮುಂದಿನವರು "ಹರ ಹರ ಮಹಾದೇವ" ಅಂದರೆ ಹಿಂದಿನ ತೆಲುಗರು "ಚೇದುಕೋ ಮಲ್ಲನ್ನ" ಅನ್ನುತ್ತಿದ್ದರು. ಕಂಬಿ ಹೊತ್ತವರು ಮಾತ್ರ ಒಂದು ಮಾತೂ ಆಡದೆ ಒಂದೇ ಹದದಲ್ಲಿ ಹತ್ತುತ್ತಿದ್ದರು. ಅರ್ಧ ಹತ್ತಿ ನಾನು ಕೂತೇಬಿಟ್ಟೆ. ಅಪ್ಪ ಅರವತ್ತು ದಾಟಿದ ಮೇಲೂ ಇದನ್ನು ಹತ್ತಿದ್ದ, ಬರಿಗಾಲಲ್ಲಿ. ಮನೆಗೆ ಬಂದ ಮೇಲೆ "ದಾರಿ ಹೆಂಗಿತ್ತು?" ಅಂತ ಕೇಳಿದರೆ "ಚೊಲೋ ಇತ್ತು" ಅಂತ ಒಂದೇ ಮಾತು. ಇದು ಚೊಲೋ ದಾರಿಯಂತೆ!

ತಮ್ಮ ಚೀಲ ತಗೊಳ್ಳುತ್ತೇನೆ ಅಂದ. ಸೀರೆಯ ಚೀಲ ಕೊಡಲಿಲ್ಲ. ನೀರಿನ ಬಾಟಲಿ ಕೊಟ್ಟೆ.

ಕೂತಲ್ಲೇ ತಂಬಾಕಿನ ಮಾತು ಬಂತು. ಅಪ್ಪನಿಗೆ ಮೊದಲು ತಂಬಾಕಿನ ಚಟ ಇತ್ತು. ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡುತ್ತಿದ್ದರು. ಮಹಾಂತ ಜೋಳಿಗೆ ಅಂತಲೇ ಅದು ಹೆಸರಾಯಿತು. ನಮ್ಮ ಮನೆಯ ಮುಂದೆ ಬಂದಾಗ ಅಪ್ಪ ಮಗ್ಗದಿಂದ ಎದ್ದು ಬಂದು ತಂಬಾಕಿನ ಚಂಚಿಯನ್ನು ಜೋಳಿಗೆಗೆ ಹಾಕಿದ. ಆಮೇಲೆ ಮುಟ್ಟಲಿಲ್ಲ. ಆದರೆ ಆ ಮೊದಲ ತಿಂಗಳು ಅವನ ಸಿಟ್ಟು ಇಡೀ ಓಣಿಗೆ ಗೊತ್ತು. ನನಗೂ ತಮ್ಮನಿಗೂ ಅಜ್ಜಿಯ ಮನೆಯೇ ಗತಿಯಾಗಿತ್ತು. ಆ ಸಂಗತಿ ನೆನೆದು ನಾವಿಬ್ಬರೂ ಕಮರಿಯ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಿಂದಿನವರು ದಾರಿ ಬಿಡಿ ಅಂದರು. ಎದ್ದೆವು.

ಮೇಲೆ ಕೈಲಾಸ ದ್ವಾರ. ಅಲ್ಲಿಂದ ಹಾಟಕೇಶ್ವರದವರೆಗೆ ದಾರಿ ಸಲೀಸು. ಹಾಟಕೇಶ್ವರದಲ್ಲಿ ಮನೆಯವರು ಕಾರಿನ ಜೊತೆ ಕಾಯುತ್ತಿದ್ದರು, ಎಳನೀರು ಹಿಡಿದುಕೊಂಡು. ಅವರಿಗೆ ಸಾಕ್ಷಿ ಗಣಪತಿಯೂ ಆಗಿತ್ತು, ಶಿಖರೇಶ್ವರವೂ ಆಗಿತ್ತು, ಎರಡು ಸಲ ಊಟವೂ ಆಗಿತ್ತು.

ರಾತ್ರಿ ಶ್ರೀಶೈಲದಲ್ಲಿ ನಿದ್ದೆ ಮಾಡುವವರು ಯಾರೂ ಇಲ್ಲ. ಯುಗಾದಿಯ ಹಿಂದಿನ ರಾತ್ರಿ ವೀರಾಚಾರ. ವೀರಭದ್ರನ ಕುಣಿತದ ಪುರವಂತರು ಶಸ್ತ್ರ ಹಾಕಿಕೊಳ್ಳುತ್ತಾರೆ, ಅಂದರೆ ಮೈಗೆ ಚುಚ್ಚಿಕೊಳ್ಳುತ್ತಾರೆ, ಆಮೇಲೆ ಅಗ್ನಿಗುಂಡ. ಕನ್ನಡದ ಒಡಪು, ಕನ್ನಡದ ಡೊಳ್ಳು. ಆಂಧ್ರದ ಗುಡಿಯ ಮುಂದೆ ಈ ರಾತ್ರಿ ಪೂರ್ತಿ ನಮ್ಮವರದು. ನನಗೆ ಶಸ್ತ್ರ ಹಾಕಿಕೊಳ್ಳುವುದನ್ನು ನೋಡಲು ಆಗುವುದಿಲ್ಲ. ಅಪ್ಪನಿಗೂ ಆಗುತ್ತಿರಲಿಲ್ಲವಂತೆ. ಗುಂಪಿನ ಹಿರಿಯರೊಬ್ಬರು ಹೇಳಿದರು: ಅವನು ಆ ಹೊತ್ತಿಗೆ ಛತ್ರದಲ್ಲಿ ಕೂತು ಎಲ್ಲರ ಚೀಲ ಕಾಯುತ್ತಿದ್ದ.

ಭಾನುವಾರ: ಯುಗಾದಿ

ಸರದಿಯಲ್ಲಿ ನಿಂತಿದ್ದೇ ಅರ್ಧ ದಿನ. ಪ್ರಾಕಾರದ ಗೋಡೆಯ ಮೇಲೆ ಸಾಲು ಸಾಲು ಆನೆ, ಬೇಟೆಗಾರರು, ಕುದುರೆ ಸವಾರರು. ಅವನ್ನು ನೋಡುತ್ತಾ ಹೊತ್ತು ಹೋಯಿತು. ಕೃಷ್ಣದೇವರಾಯ ಬಂದದ್ದು, ಶಿವಾಜಿ ಬಂದದ್ದು ಎಲ್ಲ ಇದೇ ಗುಡಿಗೆ. ವಿಜಯನಗರದ ಎರಡನೇ ಹರಿಹರನ ರಾಣಿ ವಿಠಲಾಂಬೆ ಪಾತಾಳಗಂಗೆಗೆ ಇಳಿಯಲು ಮೆಟ್ಟಿಲು ಕಟ್ಟಿಸಿದಳು. ಈಗ ಅಲ್ಲಿಗೆ ರೋಪ್‌ವೇ ಇದೆ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು, ಹದಿನೆಂಟು ಶಕ್ತಿಪೀಠಗಳಲ್ಲಿ ಒಂದು, ಎರಡೂ ಒಂದೇ ಅಂಗಳದಲ್ಲಿ. ಮಾಮೂಲಿ ದಿನ ಬಂದರೆ ಲಿಂಗವನ್ನು ಮುಟ್ಟಿ ನಮಸ್ಕರಿಸಬಹುದು. ಹಬ್ಬದ ಜನಜಂಗುಳಿಯಲ್ಲಿ ಅದಿಲ್ಲ. ಮಲ್ಲಯ್ಯನನ್ನು ದೂರದಿಂದ ಕಂಡೆವು, ಕ್ಷಣಮಾತ್ರ. ತಳ್ಳಿಬಿಟ್ಟರು.

ಭ್ರಮರಾಂಬೆಯ ಗುಡಿಗೆ ಮೆಟ್ಟಿಲು ಹತ್ತಿ ಹೋಗಬೇಕು. ದುಂಬಿಯ ರೂಪ ತಾಳಿ ಅರುಣಾಸುರನನ್ನು ಕೊಂದವಳು. ಗುಡಿಯ ಹಿಂದಿನ ಗೋಡೆಗೆ ಕಿವಿಯಿಟ್ಟರೆ ದುಂಬಿಯ ಝೇಂಕಾರ ಕೇಳುತ್ತದೆ ಅನ್ನುತ್ತಾರೆ. ಅಪ್ಪನನ್ನು ಒಮ್ಮೆ ಕೇಳಿದ್ದೆ, ನಿನಗೆ ಕೇಳಿಸಿತಾ ಅಂತ. "ಮಗ್ಗದ ಸದ್ದಿನಾಗ ಕಿವಿ ಹೋಗ್ಯಾವ, ಎಲ್ಲಿ ಕೇಳಬೇಕು" ಅಂದಿದ್ದ. ನಾನು ಕಿವಿಯಿಡಲು ಹೋಗಲಿಲ್ಲ. ಅಲ್ಲೂ ಉದ್ದ ಸಾಲು.

ಸೀರೆ ತಲುಪಿಸುವುದು ನಾನಂದುಕೊಂಡಂತೆ ಇರಲಿಲ್ಲ. ಯಾವ ಮಂತ್ರವೂ ಇಲ್ಲ, ನಿಲ್ಲಲು ಜಾಗವೂ ಇಲ್ಲ. ನನ್ನ ಮುಂದೆ ನೂರಾರು ಹೆಂಗಸರು, ಎಲ್ಲರ ಕೈಯಲ್ಲೂ ಸೀರೆ, ಖಣ, ಬಳೆ. ಚೀಲ ಬಿಚ್ಚಿ ಕೊಟ್ಟೆ. ತಗೊಂಡವರು ದೇವಿಯ ಕಡೆ ಒಮ್ಮೆ ತೋರಿಸಿ ರಾಶಿಯ ಮೇಲೆ ಇಟ್ಟರು. ಕುಂಕುಮ ಕೈಗೆ ಬಂತು. ಮುಂದಕ್ಕೆ ನಡೆಯಿರಿ ಅಂದರು.

ಹೊರಗೆ ಬಂದ ಮೇಲೆ ತಮ್ಮ ಸಿಡುಕಿದ. ಇಷ್ಟೇನಾ? ಇದಕ್ಕೇನಾ ತಿಂಗಳುಗಟ್ಟಲೆ ನೇಯ್ದು, ಹೆಗಲ ಮೇಲೆ ಹೊತ್ತು ತರುತ್ತಿದ್ದದ್ದು? ದೇವಿಗೆ ಬಂದ ಸೀರೆಗಳನ್ನು ಆಮೇಲೆ ಭಕ್ತರಿಗೇ ಮಾರುತ್ತಾರೆ. ಅದು ಬಹಳ ದೇವಸ್ಥಾನಗಳಲ್ಲಿ ಇರುವ ಪದ್ಧತಿಯೇ. ಅಪ್ಪನ ಸೀರೆಯನ್ನು ಯಾರೋ ಕೊಂಡು ಉಟ್ಟಿರುತ್ತಾರೆ, ಎಲ್ಲೋ ಗುಂಟೂರಿನಲ್ಲೋ ಹೈದರಾಬಾದಿನಲ್ಲೋ. ಇದು ಅಪ್ಪನಿಗೂ ಗೊತ್ತಿತ್ತು. ಅವ್ವ ಒಮ್ಮೆ ಚುಚ್ಚಿ ಕೇಳಿದ್ದಳು. ಅವನು, "ಮಗಳಿಗೆ ಕೊಟ್ಟ ಸೀರಿ. ಆಕಿ ಉಟಗೋಲಿ, ಯಾರಿಗರೆ ಕೊಡ್ಲಿ. ಕೊಟ್ಟ ಮ್ಯಾಲ ಲೆಕ್ಕಾ ಕೇಳೂದು ತವರಮನಿ ಮಂದಿ ಲಕ್ಷಣ ಅಲ್ಲ" ಅಂದಿದ್ದ. ನಾಗರ ಪಂಚಮಿಗೆ ನನ್ನ ಮನೆಗೆ ಉಂಡಿ, ಸೀರೆ ತಂದಾಗಲೂ ಹೀಗೆಯೇ. ಚೀಲ ಇಟ್ಟು, ಒಂದು ಲೋಟ ಚಹಾ ಕುಡಿದು, ಮುಂದಿನ ಬಸ್ಸು ಎಷ್ಟಕ್ಕೆ ಅಂತ ಕೇಳುತ್ತಿದ್ದ. ನಾನು ಅವನು ಕೊಟ್ಟ ಸೀರೆ ಉಟ್ಟೆನೋ ಇಲ್ಲವೋ ಅಂತ ಒಮ್ಮೆಯೂ ಕೇಳಿದವನಲ್ಲ. ಎರಡು ಸೀರೆ ನಾದಿನಿಗೆ ಕೊಟ್ಟಿದ್ದೆ, ಅದೂ ಅವನಿಗೆ ಗೊತ್ತಿತ್ತು.

ತಮ್ಮನಿಗೆ ಇಷ್ಟು ಹೇಳಿದೆ. ಅವನು "ಹಂಗಾರ ನಿಮ್ಮಿಬ್ಬರಿಗೂ ಒಂದೇ ಥರಾ ಮಾಡ್ಯಾನ" ಅಂದ. ಮತ್ತೆ ಸಿಡುಕಲಿಲ್ಲ. ಸಂಜೆ ತೇರು ಎಳೆಯುವಾಗ ಜನರೊಳಗೆ ನುಗ್ಗಿ ಹಗ್ಗ ಹಿಡಿದ. ಚಪ್ಪಲಿ ಕಳೆದುಕೊಂಡು ಬಂದ.

ಸೋಮವಾರ: ವಾಪಸ್ಸು

ಅಕ್ಕಮಹಾದೇವಿಯ ಗವಿಗೆ ಪಾತಾಳಗಂಗೆಯಿಂದ ದೋಣಿಯಲ್ಲಿ ಹೋಗಬೇಕು. ಅದಕ್ಕೆ ಹೊತ್ತು ಸಾಲಲಿಲ್ಲ. ಘಟ್ಟ ಇಳಿದು ದೋರ್ನಾಲ, ಆತ್ಮಕೂರು, ಕರ್ನೂಲು. ದಾರಿಯಲ್ಲಿ ನನ್ನಾರಿ ಶರಬತ್ತು ಕುಡಿದೆವು. ತಮ್ಮ ಅವ್ವನಿಗೆ ಅಂತ ಎರಡು ಬಾಟಲಿ ಕಟ್ಟಿಸಿಕೊಂಡ. ಕಂಬಿಯ ಗುಂಪಿನ ಹಿರಿಯರ ನಂಬರನ್ನೂ ಬರೆದುಕೊಂಡಿದ್ದಾನೆ. ಮುಂದಿನ ವರ್ಷ ಇಳಕಲ್ಲಿನಿಂದಲೇ ನಡೆಯುತ್ತಾನಂತೆ. ಅವನ ಹೆಂಡತಿಗೆ ಈ ವಿಷಯ ಇನ್ನೂ ಗೊತ್ತಿಲ್ಲ.

ರಾಯಚೂರು ಬರುವಷ್ಟರಲ್ಲಿ ಕಾಕಾನ ಫೋನು.

"ಮುಟ್ಟಿಸಿದ್ಯಾ?"

"ಮುಟ್ಟಿಸಿದೆ ಕಾಕಾ."

"ಆಕಿ ಉಟ್ಟಳೇನ?"

"ಇಲ್ಲ ಕಾಕಾ, ರಾಶಿಯೊಳಗ ಇಟ್ಟರು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ರಾಶಿಯೊಳಗ ಮ್ಯಾಲಿತ್ತೋ ಕೆಳಗಿತ್ತೋ?" ಅಂದರು.

"ಮ್ಯಾಲಿತ್ತು. ಸೆರಗು ಹೊರಗ ಕಾಣತಿತ್ತು."

"ಹಂಗಾರ ಬರೂ ವರ್ಷ ಗೋಮಿ ದಡಿ ಹಾಕೂಣು. ಈ ಸಲ ದಡಿ ಸಣ್ಣದಾತು ಅಂತ ನನಗ ಅನಿಸಾಕತ್ತಿತ್ತು. ಮತ್ತ ನೋಡು, ಅರ್ಧಾ ಕೂಲಿ ನಾ ಇನ್ನೊಮ್ಮೆ ತಗೊಳ್ಳೂದಿಲ್ಲ."

ಅದರ ಬಗ್ಗೆ ಊರಿಗೆ ಬಂದ ಮೇಲೆ ಜಗಳ ಆಡೋಣ ಅಂದೆ.